ಹಾಯಿ ಬಿಚ್ಚಿದವರಿಗೂ ಒಂದು ಶಾಲು

ನವೆಂಬರ್ 1ರ ರಾಜ್ಯೋತ್ಸವ ಬಂತೆಂದರೆ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಶಾಲು, ಪೇಟ, ಹಣ್ಣಿನ ಬುಟ್ಟಿಗೆ ಗಿರಾಕಿ ಜಾಸ್ತಿ. ಹೂವಿನ ಅಂಗಡಿಯವರಿಗೂ ಅಂದು ನಾಲ್ಕು ಕಾಸು. ವೇದಿಕೆ ಮೇಲೆ ಸಾಹಿತಿ, ಸಮಾಜಸೇವಕ, ಕಲಾವಿದ, ಪ್ರಗತಿಪರ ರೈತ ಸಾಲಾಗಿ ಕೂತಿರುತ್ತಾರೆ. ಕ್ರೀಡೆಯ ಲೆಕ್ಕದಲ್ಲಿ ಕಬಡ್ಡಿ, ಖೋ-ಖೋ, ಕುಸ್ತಿಯವರು ಒಬ್ಬಿಬ್ಬರು. ಹಾಯಿದೋಣಿ ಓಡಿಸಿದವರಿಗೂ, ಅದನ್ನೇ ಜೀವಮಾನವಿಡೀ ಕಲಿಸಿದವರಿಗೂ ಗೌರವ ಸಲ್ಲುವುದುಂಟು ಎಂದು ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಹೇಳಿದರೆ ಜನ ನಕ್ಕಾರು. ಸಮುದ್ರ ಎಲ್ಲಿ, ಕಡೂರೆಲ್ಲಿ ಸ್ವಾಮಿ? ಇಲ್ಲಿ ಕುಡಿಯೋ ನೀರಿಗೇ ತತ್ವಾರ!

ನಗುವ ಮುಂಚೆ ಸ್ವಲ್ಪ ಲೆಕ್ಕ ನೋಡಬೇಕು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ನಿಂತಿದೆ. 186 ಅಡಿ ಮಟ್ಟ, 71.5 ಟಿಎಂಸಿ ನೀರು. ತುಂಬಿದಾಗ ಕಣ್ಣು ಹಾಯಿಸಿದಷ್ಟೂ ನೀರೇ. ಆ ನೀರನ್ನು ಬಯಲುಸೀಮೆಗೆ ಒಯ್ಯಲು ಅಜ್ಜಂಪುರದ ಬಳಿ ಸುರಂಗವನ್ನೇ ಕೊರೆದಿದ್ದಾರೆ. ಕಡೂರು ಸೀಮೆಯಲ್ಲಿ ಸಖರಾಯಪಟ್ಟಣದ ಅಯ್ಯನಕೆರೆಯಿದೆ, ಮದಗದಕೆರೆಯಿದೆ. ಈ ಎರಡು ಕೆರೆಗಳಿಂದ ಇಳಿದು ಬರುವ ವೇದಾ, ಅವತಿ ಹೊಳೆಗಳು ಕೂಡಿಯೇ ವೇದಾವತಿ ಆಗುವುದು. ನೀರು ಇಲ್ಲ ಅನ್ನುವ ಊರಲ್ಲಿ ಇಷ್ಟೆಲ್ಲ ನೀರಿದೆ. ಅದರ ಮೇಲೆ ಹೋಗಲು ಕಲಿತವರು ಎಷ್ಟು ಮಂದಿ?

ಗಾಳಿಗೆ ಎದುರಾಗಿ ಹೋಗುವ ವಿದ್ಯೆ

ಹಾಯಿದೋಣಿ ಕ್ರೀಡೆ ಎಂದರೆ ಗಾಳಿ ಬಂದ ಕಡೆ ತೇಲಿಕೊಂಡು ಹೋಗುವುದಷ್ಟೇ ಎಂದು ಎಣಿಸಿದರೆ ತಪ್ಪು. ಗಾಳಿ ಎದುರಿಗೆ ಬೀಸುತ್ತಿದ್ದರೂ ದೋಣಿ ಮುಂದಕ್ಕೆ ಹೋಗಬೇಕು. ಅದಕ್ಕೆ ದೋಣಿಯನ್ನು ಓರೆಯಾಗಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸುತ್ತಾ ಸಾಗಬೇಕು. ಕೆಮ್ಮಣ್ಣುಗುಂಡಿ ಘಾಟಿಯಲ್ಲಿ ಬಸ್ಸು ನೆಟ್ಟಗೆ ಗುಡ್ಡ ಹತ್ತುವುದುಂಟೇ? ಸುತ್ತಿ ಸುತ್ತಿಯೇ ಹತ್ತುತ್ತದೆ. ಇದೂ ಹಾಗೇ. ಎಂಜಿನ್ ಇಲ್ಲ, ಹುಟ್ಟು ಇಲ್ಲ. ಹಗ್ಗ, ಚುಕ್ಕಾಣಿ, ಮೈಭಾರ ಮೂರರಲ್ಲೇ ಆಟ. ಪಂದ್ಯ ನಡೆಯುವುದು ದಡದಿಂದ ದೂರ. ಚಪ್ಪಾಳೆ ಹೊಡೆಯೋರೂ ಇಲ್ಲ, ಟಿಕೆಟ್ಟು ಕೊಳ್ಳೋರೂ ಇಲ್ಲ. ಆದ್ದರಿಂದಲೇ ಇದರಲ್ಲಿ ದುಡಿದವರ ಹೆಸರು ಊರಿಗೆ ಮುಟ್ಟುವುದು ತಡ.

ದೇಶದ ಅತ್ಯುನ್ನತ ಕ್ರೀಡಾ ಗೌರವವಾದ ಖೇಲ್‌ರತ್ನ ಶುರುವಾದದ್ದು 1991–92ರಲ್ಲಿ. ಸಚಿನ್ ತೆಂಡೂಲ್ಕರ್‌ಗೆ ಅದು ಸಂದದ್ದು 1997–98ನೇ ಸಾಲಿನಲ್ಲಿ. ಅದಕ್ಕೂ ಮೊದಲೇ ಹೋಮಿ ಮೋತಿವಾಲಾ, ಪಿ.ಕೆ. ಗರ್ಗ್ ಎಂಬ ಇಬ್ಬರು ಹಾಯಿದೋಣಿಗರು ಅದನ್ನು ಪಡೆದಿದ್ದರು. ತೆಂಡೂಲ್ಕರ್ ಯಾರೆಂದು ಕೇಳಿದರೆ ಚಹಾ ಅಂಗಡಿಯ ಹುಡುಗನೂ ಹೇಳಿಯಾನು. ಮೋತಿವಾಲಾ ಯಾರೆಂದು ಯಾರನ್ನು ಕೇಳೋಣ?

ಒಬ್ಬ ಮುದುಕರ ಹಟ

ಜೀವಮಾನದ ಸೇವೆ ಎಂಬ ಮಾತಿಗೆ ಈ ಕ್ರೀಡೆಯಲ್ಲಿ ನೆನೆಯಬೇಕಾದ ಹೆಸರು ವೈಸ್ ಅಡ್ಮಿರಲ್ ಮನೋಹರ ಪ್ರಹ್ಲಾದ ಅವಟಿ ಅವರದು. 1971ರ ಯುದ್ಧದಲ್ಲಿ ಕಮೋರ್ತಾ ಹಡಗಿನ ನಾಯಕರಾಗಿದ್ದು ವೀರಚಕ್ರ ಪಡೆದವರು. 1983ರಲ್ಲಿ ನಿವೃತ್ತರಾದರು. ಆಮೇಲೆ ನೆಲೆಸಿದ್ದು ಸಮುದ್ರದಿಂದ ದೂರ, ಘಟ್ಟದಾಚೆಯ ಸತಾರಾ ಜಿಲ್ಲೆಯ ವಿಂಚುರ್ಣಿ ಎಂಬ ಹಳ್ಳಿಯಲ್ಲಿ. ಪಿಂಚಣಿ ತಗೊಂಡು ತೋಟ ನೋಡಿಕೊಂಡು ಸುಮ್ಮನಿರಬಹುದಿತ್ತು. ಇರಲಿಲ್ಲ. ಭಾರತದಲ್ಲೇ ಕಟ್ಟಿದ ಹಾಯಿದೋಣಿಯಲ್ಲಿ ಭಾರತೀಯನೊಬ್ಬ ಒಂಟಿಯಾಗಿ ಭೂಮಿ ಸುತ್ತಬೇಕು ಎಂಬ ಹಟ ಹಿಡಿದರು. ಆ ಹಟಕ್ಕೆ ನೌಕಾಪಡೆ ಒಪ್ಪಿಗೆ ಕೊಟ್ಟಾಗ ಅವರಿಗೆ ವಯಸ್ಸು ಎಪ್ಪತ್ತೈದು ದಾಟಿತ್ತು.

ದೋಣಿ ಕಟ್ಟಿದ್ದು ಗೋವಾದ ದಿವಾರ್ ದ್ವೀಪದಲ್ಲಿ, ರತ್ನಾಕರ ದಾಂಡೇಕರ್ ಎಂಬವರ ಕಾರ್ಖಾನೆಯಲ್ಲಿ. 56 ಅಡಿ ಉದ್ದ. ಇಟ್ಟ ಹೆಸರು ಮ್ಹಾದೇಯಿ. ಗೋವಾದ ಮಾಂಡೋವಿ ನದಿಯ ಹಳೇ ಹೆಸರು ಅದು. ನಮ್ಮ ಖಾನಾಪುರ ಸೀಮೆಯಲ್ಲಿ ಹುಟ್ಟುವ ಮಹದಾಯಿಯೇ! ನಮಗೆ ಆ ಹೆಸರು ಕೇಳಿದರೆ ನ್ಯಾಯಾಧಿಕರಣ, ಬಂದ್, ಧರಣಿ ನೆನಪಾಗುತ್ತದೆ. ಅದೇ ಹೆಸರಿನ ದೋಣಿ ಎರಡು ಸಲ ಒಂಟಿ ನಾವಿಕನನ್ನು ಹೊತ್ತು ಜಗತ್ತನ್ನು ಸುತ್ತಿ ಬಂದಿದೆ.

2009ರ ಆಗಸ್ಟ್ 19ರಂದು ಮುಂಬಯಿ ಬಿಟ್ಟ ದಿಲೀಪ್ ದೋಂದೆ ನಾಲ್ಕು ಕಡೆ ತಂಗಿ 2010ರ ಮೇ 19ಕ್ಕೆ ಮರಳಿದರು. ಒಂಟಿಯಾಗಿ ಭೂಮಿ ಸುತ್ತಿದ ಮೊದಲ ಭಾರತೀಯ ಎನಿಸಿ ಶೌರ್ಯಚಕ್ರ ಪಡೆದರು. 2012ರ ನವೆಂಬರ್‌ನಲ್ಲಿ ಹೊರಟ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ 2013ರ ಮಾರ್ಚ್ ಕೊನೆಗೆ ಬಂದರು, ಅವರಿಗೆ ಕೀರ್ತಿಚಕ್ರ. ಅದೇ ಟಾಮಿ 2018ರ ಓಟದಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಬೆನ್ನುಮೂಳೆ ಮುರಿದುಕೊಂಡರು. ಆದರೂ ಮತ್ತೆ ಹೋಗಿ 2023ರ ಏಪ್ರಿಲ್ 29ರಂದು ಎರಡನೇ ಸ್ಥಾನ ಗೆದ್ದರು. 2017–18ರಲ್ಲಿ ವರ್ತಿಕಾ ಜೋಶಿ ನೇತೃತ್ವದ ಆರು ಮಹಿಳಾ ಅಧಿಕಾರಿಗಳು 'ತಾರಿಣಿ'ಯಲ್ಲಿ ಪ್ರಪಂಚ ಸುತ್ತಿ ನಾರೀಶಕ್ತಿ ಪುರಸ್ಕಾರ ಪಡೆದರು. ಅವರು ಗೋವಾ ಮುಟ್ಟಿದ್ದು 2018ರ ಮೇ 21ಕ್ಕೆ. ಅದೇ ವರ್ಷ ನವೆಂಬರ್‌ನಲ್ಲಿ ಅವಟಿಯವರು ತಮ್ಮ 91ನೇ ವಯಸ್ಸಿನಲ್ಲಿ ತೀರಿಕೊಂಡರು. ನಿವೃತ್ತಿಯ ಮೂವತ್ತೈದು ವರ್ಷವೂ ಅವರಿಗೆ ಸೇವೆಯ ವರ್ಷವೇ ಆಯ್ತು. ಅವರ ಹಟಕ್ಕೆ ಸಂದ ದೊಡ್ಡ ಸನ್ಮಾನ ಎಂದರೆ ಒಂದು ದೋಣಿ.

ಧ್ಯಾನ್‌ಚಂದ್ ಹೆಸರಿನ ಜೀವಮಾನ ಸಾಧನೆ ಪ್ರಶಸ್ತಿ 2002ರಲ್ಲಿ ಆರಂಭವಾದಾಗ ಅದರ ನಿಯಮವೂ ಇದನ್ನೇ ಹೇಳಿತ್ತು. ಆಡುವಾಗ ಹೆಸರು ಮಾಡಿದರೆ ಸಾಲದು, ಆಟ ನಿಲ್ಲಿಸಿದ ಮೇಲೂ ಕ್ರೀಡೆಗಾಗಿ ದುಡಿಯುತ್ತಿರಬೇಕು. ಈಗ ಅದು ಅರ್ಜುನ ಜೀವಮಾನ ಪ್ರಶಸ್ತಿಯಾಗಿದೆ. ಹೆಸರು ಬದಲಾದರೇನು, ಆ ಮಾತು ನಮ್ಮ ತಾಲ್ಲೂಕು ಸನ್ಮಾನ ಸಮಿತಿಗಳ ಗೋಡೆಗೆ ಬರೆಸಿಡುವಂಥದು.

ಕೆರೆಯಿಂದಲೂ ಪದಕ

ಹಾಯಿದೋಣಿಗೆ ಕಡಲೇ ಬೇಕೆಂದಿಲ್ಲ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು. ಕಲಿತದ್ದು ಭೋಪಾಲದ ಕೆರೆಯಲ್ಲಿ. ಅಲ್ಲಿಂದ ಸಮುದ್ರಕ್ಕೆ ಕಡೂರಿನಿಂದ ಇರುವುದಕ್ಕಿಂತ ಎಷ್ಟೋ ದೂರ. ಹೈದರಾಬಾದಿನ ಹುಸೇನ್ ಸಾಗರದಲ್ಲೂ ಬಡಮಕ್ಕಳಿಗೆ ಹಾಯಿ ಹಿಡಿಯುವುದನ್ನು ಕಲಿಸುತ್ತಾರೆ. ಟೋಕಿಯೋ ಒಲಿಂಪಿಕ್ಸಿಗೆ 2021ರಲ್ಲಿ ಹೋದ ನಾಲ್ವರು ಭಾರತೀಯ ಹಾಯಿದೋಣಿಗರಲ್ಲಿ ಒಬ್ಬರು ಗಣಪತಿ ಕೇಲಪಂಡ ಚೆಂಗಪ್ಪ. ಮನೆತನದ ಹೆಸರೇ ಹೇಳುತ್ತದೆ, ಕೊಡಗಿನ ಮೂಲ. ಕೊಡಗಿಗೆ ಕಡಲೆಲ್ಲಿ?

ಭದ್ರಾ ಹಿನ್ನೀರಿನಲ್ಲಿ ಎಚ್ಚರವೂ ಬೇಕು, ನಿಜ. ಪಕ್ಕದಲ್ಲೇ ಹುಲಿ ಕಾಡು. ಬೇಸಿಗೆಯಲ್ಲಿ ನೀರಿಳಿದು ನಡುಗಡ್ಡೆ ಎದ್ದಾಗ ರೀವ ಹಕ್ಕಿಗಳು ಮೊಟ್ಟೆ ಇಡುತ್ತವೆ. ಆದರೆ ಹಾಯಿಗೆ ಸದ್ದಿಲ್ಲ, ಹೊಗೆಯಿಲ್ಲ, ಡೀಸೆಲ್ ಇಲ್ಲ. ಅರಣ್ಯ, ನೀರಾವರಿ, ಕ್ರೀಡೆ ಮೂರೂ ಇಲಾಖೆಯವರು ಕೂತು ಕಾಲ, ಜಾಗ ಗೊತ್ತು ಮಾಡಿದರೆ ಆಗದ ಕೆಲಸವಲ್ಲ.

ಇದು ಬರೀ ಪದಕದ ಮಾತೂ ಅಲ್ಲ. ಬೇಸಿಗೆ ರಜೆಯಲ್ಲಿ, ಗಣಪತಿ ಬಿಡುವ ದಿನಗಳಲ್ಲಿ ಕೆರೆಗಿಳಿದ ಹುಡುಗರು ಮೇಲೆ ಬರಲಿಲ್ಲ ಎಂಬ ಸುದ್ದಿ ನಾಡಿನಲ್ಲಿ ವರ್ಷ ವರ್ಷ ಇದ್ದದ್ದೇ. ಹಾಯಿ ಕಲಿಯಬೇಕಾದವನು ಮೊದಲು ಈಜು ಕಲಿಯಬೇಕು, ಮೈಗೆ ತೇಲುಕವಚ ಕಟ್ಟಬೇಕು, ದೋಣಿ ಮಗುಚಿದರೆ ಎತ್ತಿ ನಿಲ್ಲಿಸಬೇಕು. ಆ ಪಾಠ ಬಂದರೆ ಪದಕ ಬಾರದಿದ್ದರೂ ಮಗ ಮನೆಗೆ ಬರುತ್ತಾನೆ.

ಅಷ್ಟು ದಿನ ಕಾಯುವುದೂ ಬೇಡ. ಯಾರಾದರೂ ಮುಳುಗಿದರೆ ಪೊಲೀಸಿನವರು ಮೊದಲು ಹುಡುಕುವುದು ತೆಪ್ಪದ ಮೀನುಗಾರನನ್ನು. ಅವನು ಬಲೆ ಬಿಟ್ಟು, ಕೂಲಿ ಬಿಟ್ಟು ನೀರಿಗೆ ಇಳಿಯುತ್ತಾನೆ. ಗಾಳಿ, ಸೆಳವು, ಆಳ ಅವನಿಗೆ ಬಾಯಿಪಾಠ. ಅರ್ಜಿ ಹಾಕು, ನಾಲ್ಕು ಫೋಟೋ ಲಗತ್ತಿಸು, ಪತ್ರಿಕಾ ತುಣುಕು ತಾ ಎಂದರೆ ಅವನು ಎಲ್ಲಿಂದ ತಂದಾನು? ಬರುವ ನವೆಂಬರ್ 1ಕ್ಕೆ ಮೂರೂ ತಾಲ್ಲೂಕಿನ ಸಮಿತಿಗಳು ಅರ್ಜಿಗೆ ಕಾಯದೆ ಒಮ್ಮೆ ಲಕ್ಕವಳ್ಳಿ ದಡಕ್ಕೆ, ಅಯ್ಯನಕೆರೆ ಏರಿ ಮೇಲಕ್ಕೆ ಹೋಗಿ ಬರಲಿ. ಶಾಲಿನ ಜೊತೆ ಅವನಿಗೊಂದು ಒಳ್ಳೆ ತೇಲುಕವಚ, ಅವನ ಕೈಕೆಳಗೆ ಹತ್ತು ಹುಡುಗರು ಈಜು ಕಲಿಯುವ ಏರ್ಪಾಟು ಆಗಲಿ. ತಹಸೀಲ್ದಾರರು, ಕ್ರೀಡಾ ಇಲಾಖೆಯವರು ಇತ್ತ ಗಮನ ಹರಿಸುವರೇ?