ಜೀತವೆಂಬ ಶಬ್ದವೂ ಬಾಕಿ ಕೂಲಿಯ ನ್ಯಾಯವೂ

೧. ಶಬ್ದವಿಚಾರ

ದುಡಿಮೆಯ ಪ್ರತಿಫಲವನ್ನು ಸೂಚಿಸುವ ಶಬ್ದಗಳು ಕನ್ನಡದಲ್ಲಿ ಹಲವುಂಟು. ಕೂಲಿಯೆಂಬುದು ದೇಶ್ಯ, ತಮಿಳಿನಲ್ಲಿಯೂ ಅದೇ ರೂಪದಲ್ಲಿ ದೊರೆಯುತ್ತದೆ. ವೇತನವು ತತ್ಸಮ. ಸಂಬಳವು ಸಂಸ್ಕೃತದ ಶಂಬಲದಿಂದ ಬಂದುದು. ಅದರ ಮೂಲಾರ್ಥ ಪಾಥೇಯ, ಎಂದರೆ ದಾರಿಯ ಬುತ್ತಿ. ಜೀತವೆಂಬುದು ಜೀವಿತ ಶಬ್ದದ ತದ್ಭವ. ಜೀವಿತವೆಂದರೆ ಬಾಳು, ಅದರಿಂದ ಬಾಳುವೆಗೆ ಆಧಾರವಾದ ಸಂಬಳವೆಂಬ ಅರ್ಥವು ಹುಟ್ಟಿತು. ತೆಲುಗಿನಲ್ಲಿ ಜೀತಮು ಇಂದಿಗೂ ಸಂಬಳವೆಂಬ ಅರ್ಥದಲ್ಲಿಯೇ ಬಳಕೆಯಲ್ಲಿದೆ. ಕನ್ನಡದಲ್ಲಿಯಾದರೋ ಅದು ಸಾಲಕ್ಕೆ ಸಿಲುಕಿ, ಕೂಲಿಯನ್ನು ಕೇಳುವ ಹಕ್ಕಿಲ್ಲದೆ ದುಡಿಯುವ ಸ್ಥಿತಿಗೆ ಹೆಸರಾಗಿ ನಿಂತಿತು. ಸಂಬಳಕ್ಕೆ ಹೆಸರಾಗಿದ್ದ ಶಬ್ದವೇ ಸಂಬಳವಿಲ್ಲದ ದುಡಿಮೆಗೆ ಹೆಸರಾದುದು ಹೇಗೆಂಬುದನ್ನು ನಿಘಂಟು ಹೇಳಲಾರದು. ಕೂಲಿಯ ಲೆಕ್ಕವು ಹೇಳಬಲ್ಲುದು.

೨. ಘಟ್ಟದ ಮೇಲಿನ ಸೀಮೆ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಘಟ್ಟದ ಮೇಲಿನ ತಾಲ್ಲೂಕುಗಳು. ಕಣಿವೆಗಳಲ್ಲಿ ಅಡಿಕೆಯ ತೋಟ, ಅದರ ಮೇಲೆ ಗೊಬ್ಬರಕ್ಕೆ ಸೊಪ್ಪನ್ನೊದಗಿಸುವ ಬೆಟ್ಟ, ಸುತ್ತಲೂ ಕಾಡು: ಇದು ಆ ಸೀಮೆಯ ಲಕ್ಷಣ. ತೋಟದ ಕೆಲಸವು ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಬೇಕು. ಚಳಿಗಾಲದಲ್ಲಿ ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಬೇಕು. ಈ ಕಾಲಗಳಲ್ಲಿ ಊರಿನ ಆಳುಗಳು ಸಾಲದೆ ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ, ಈಚೆಗೆ ಹೊರರಾಜ್ಯಗಳಿಂದಲೂ ಜನರು ಬರುತ್ತಾರೆ. ಕಟ್ಟಡ, ರಸ್ತೆ, ಕಲ್ಲುಕ್ವಾರಿಗಳ ಕೆಲಸಕ್ಕೂ ಹೀಗೆಯೇ ಬರುವವರುಂಟು.

ಹೀಗೆ ಬಂದವನಿಗೂ ಊರಿನ ಆಳಿಗೂ ಒಂದು ಭೇದವಿದೆ. ಊರಿನವನ ಕೂಲಿ ಉಳಿದರೆ ನಾಳೆ ಕೇಳಬಹುದು, ನೆರೆಯವರ ಮುಂದೆ ಹೇಳಬಹುದು. ಪರಸ್ಥಳದವನಿಗೆ ಹಂಗಾಮು ಮುಗಿದ ದಿನವೇ ಲೆಕ್ಕ ಮುಗಿಯಬೇಕು. ಬಸ್ಸು ಹತ್ತಿದ ಮೇಲೆ ಅವನ ಮಾತಿಗೆ ಸಾಕ್ಷಿಯಿಲ್ಲ. ಅವನನ್ನು ಕರೆತಂದವನು ಮೇಸ್ತ್ರಿ. ಮುಂಗಡ ಕೊಟ್ಟವನೂ ಅವನೇ. ದಿನಗಳನ್ನು ಬರೆದಿಟ್ಟುಕೊಳ್ಳುವವನೂ ಅವನೇ.

ಉದಾಹರಣೆಗೆ, ದಿನಕ್ಕೆ ೬೦೦ ರೂಪಾಯಿಯ ಮಾತಿನ ಮೇಲೆ ಒಬ್ಬನು ೧೦,೦೦೦ ರೂಪಾಯಿ ಮುಂಗಡ ಪಡೆದು ೬೦ ದಿನ ದುಡಿದನೆಂದಿಟ್ಟುಕೊಳ್ಳಬಹುದು. ಅವನಿಗೆ ಬರಬೇಕಾದುದು ೨೬,೦೦೦. ಮೇಸ್ತ್ರಿಯ ಪುಸ್ತಕದಲ್ಲಿ ದಿನಗಳು ೪೫ ಎಂದಿದ್ದು, ಕರೆತಂದ ಬಸ್ಸಿನ ಖರ್ಚೆಂದು ೩,೦೦೦ ಮುರಿದರೆ, ಕೈಗೆ ಬರುವುದು ೧೪,೦೦೦. ಹನ್ನೆರಡು ಸಾವಿರದ ಈ ಅಂತರದಲ್ಲಿ ಹೊಡೆತವಿಲ್ಲ, ಬೈಗುಳವಿಲ್ಲ, ಇರುವುದು ಬರೆಹವೊಂದೇ. ಆದಕಾರಣ ಬಾಕಿ ಕೂಲಿಯ ವ್ಯಾಜ್ಯದಲ್ಲಿ ಮೂಲಪ್ರಶ್ನೆಯು ಹಣವಲ್ಲ. ಲೆಕ್ಕವನ್ನು ರುಜುಪಡಿಸುವ ಭಾರವು ಯಾರದೆಂಬುದು.

೩. ಪ್ರಾಚೀನರ ಮತ

ಈ ಪ್ರಶ್ನೆಯನ್ನು ಪ್ರಾಚೀನ ಶಾಸ್ತ್ರಕಾರರು ಅಲಕ್ಷಿಸಿರಲಿಲ್ಲ. ಧರ್ಮಶಾಸ್ತ್ರವು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಕೂಲಿಯನ್ನು ಕೊಡದಿರುವುದೂ ಒಂದು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ದೊರೆತ ಓಲೆಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಕೂಲಿ ಕೊಡದವನಿಗೆ ಆ ಮೊಬಲಗಿನ ಹತ್ತನೆಯ ಒಂದು ಪಾಲು ಅಥವಾ ಆರು ಪಣ ದಂಡವನ್ನು ವಿಧಿಸುತ್ತದೆ; ಕೊಡಬೇಕಾದುದೇ ಇಲ್ಲವೆಂದು ಅಪಲಾಪ ಮಾಡಿದವನಿಗೆ ಹನ್ನೆರಡು ಪಣ ಅಥವಾ ಐದನೆಯ ಒಂದು ಪಾಲು. ಕೊಡದಿರುವುದಕ್ಕಿಂತ ಇಲ್ಲವೆನ್ನುವುದು ಹೆಚ್ಚಿನ ಅಪರಾಧವೆಂಬ ವಿವೇಕವು ಇಲ್ಲಿ ಗಮನಾರ್ಹ. ವಿವಾದವನ್ನು ಸಾಕ್ಷಿಗಳಿಂದ ತೀರ್ಮಾನಿಸಬೇಕು. ಸಾಕ್ಷಿಗಳಿಲ್ಲದಿದ್ದರೆ ಕೆಲಸ ನಡೆದ ಸ್ಥಳದಲ್ಲಿಯೇ ವಿಚಾರಿಸಬೇಕೆಂದೂ ಅಲ್ಲಿ ಹೇಳಿದೆ. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿಯಂತೂ, ಕೂಲಿಯನ್ನು ಗೊತ್ತುಮಾಡದೆ ದುಡಿಸಿಕೊಂಡವನಿಂದ ವ್ಯಾಪಾರ, ಪಶು, ಬೆಳೆಗಳ ಲಾಭದ ಹತ್ತನೆಯ ಒಂದು ಪಾಲನ್ನು ಅರಸನು ಕೊಡಿಸಬೇಕೆಂದಿದೆ. ಒಪ್ಪಂದದ ಬರೆಹವಿಲ್ಲವೆಂಬುದು ಕೂಲಿಯಿಲ್ಲವೆನ್ನುವುದಕ್ಕೆ ಕಾರಣವಾಗದೆಂಬುದು ಇದರ ತಾತ್ಪರ್ಯ.

೪. ಮುಂಗಡದ ಶಾಸನಗಳು

ಆಂಗ್ಲರ ಆಳ್ವಿಕೆಯಲ್ಲಿ ನ್ಯಾಯದ ಮುಖವು ಬೇರೆಯ ದಿಕ್ಕಿಗೆ ತಿರುಗಿತು. ೧೮೫೯ರ ಹದಿಮೂರನೆಯ ಶಾಸನವು, ಮುಂಗಡ ಪಡೆದು ಕೆಲಸವನ್ನು ಬಿಟ್ಟ ಕೂಲಿಕಾರನು ಹಣವನ್ನು ಹಿಂದಿರುಗಿಸಬೇಕು ಇಲ್ಲವೆ ಕೆಲಸವನ್ನು ಪೂರೈಸಬೇಕೆಂದೂ, ತಪ್ಪಿದರೆ ಮೂರು ತಿಂಗಳವರೆಗೆ ಕಠಿನ ಸೆರೆವಾಸವೆಂದೂ ವಿಧಿಸಿತು. ಒಡೆಯನು ಕೂಲಿಯನ್ನು ಉಳಿಸಿಕೊಂಡರೆ ಅದು ದಿವಾಣಿ ವ್ಯಾಜ್ಯ. ಆಳು ಮುಂಗಡವನ್ನು ಉಳಿಸಿಕೊಂಡರೆ ಸೆರೆಮನೆ. ಮುಂಗಡವು ಸಂಕೋಲೆಯಾಗುವುದಕ್ಕೆ ಇದಕ್ಕಿಂತ ಹೆಚ್ಚಿನ ಬಲವು ಬೇಕಿರಲಿಲ್ಲ. ಈ ಶಾಸನವು ೧೯೨೫ರ ಕಾಯಿದೆಯಿಂದ ರದ್ದಾಯಿತು.

ಅನಂತರ ೧೯೩೬ರ ವೇತನ ಪಾವತಿ ಕಾಯಿದೆಯೂ, ಬೇಸಾಯದ ಕೂಲಿಯನ್ನೂ ಒಳಗೊಂಡ ೧೯೪೮ರ ಕನಿಷ್ಠ ಕೂಲಿಯ ಕಾಯಿದೆಯೂ ಬಂದುವು. ೧೯೭೬ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯು ದೇಶದ ನಾನಾ ಭಾಗಗಳಲ್ಲಿ ಈ ಪದ್ಧತಿಗಿದ್ದ ಹೆಸರುಗಳನ್ನು ಎಣಿಸುವಲ್ಲಿ ಜೀತವೆಂಬ ಶಬ್ದವನ್ನೇ ಎತ್ತಿಕೊಂಡಿದೆ. ಸಾಲವು ಜೀತದ ಸಾಲವೆಂದು ಆಳು ಹೇಳಿದರೆ, ಅಲ್ಲವೆಂದು ರುಜುಪಡಿಸುವ ಭಾರವು ಸಾಲ ಕೊಟ್ಟವನ ಮೇಲಿರುವುದೆಂದು ಅದರ ನಿಯಮ. ಜಿಲ್ಲೆಗೊಂದರಂತೆ, ಉಪವಿಭಾಗಕ್ಕೊಂದರಂತೆ ಜಾಗೃತಿ ಸಮಿತಿಗಳಿರಬೇಕೆಂದೂ ಅದು ವಿಧಿಸಿದೆ. ಈ ಮೂರೂ ತಾಲ್ಲೂಕುಗಳು ಶಿರಸಿ ಉಪವಿಭಾಗಕ್ಕೆ ಸೇರಿದುವು.

೧೯೮೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ಇನ್ನೊಂದು ಹೆಜ್ಜೆಯನ್ನಿಟ್ಟಿತು. ಅಲ್ಲಿ ದಿನಗೂಲಿ ೯ ರೂಪಾಯಿ ೨೫ ಪೈಸೆ. ಅದನ್ನು ಜಮಾದಾರರ ಕೈಗೆ ಕೊಡಲಾಗುತ್ತಿದ್ದಿತು. ಅವರು ಒಂದು ರೂಪಾಯಿಯನ್ನು ಮುರಿದುಕೊಂಡು ಉಳಿದುದನ್ನು ಹಂಚುತ್ತಿದ್ದರು. ಕನಿಷ್ಠ ಕೂಲಿಗಿಂತ ಕಡಮೆ ಕೊಟ್ಟು ದುಡಿಸುವುದು ಸಂವಿಧಾನದ ೨೩ನೆಯ ಅನುಚ್ಛೇದವು ನಿಷೇಧಿಸಿರುವ ಬಲಾತ್ಕಾರದ ದುಡಿಮೆಯೆಂದು ನ್ಯಾಯಾಲಯವು ನಿರ್ಣಯಿಸಿತು. ಹಸಿವಿನ ಒತ್ತಾಯವೂ ಒತ್ತಾಯವೇ ಎಂಬುದು ಆ ನಿರ್ಣಯದ ತಿರುಳು. ಕೂಲಿಯು ಜೀತವಾಗುವ ಬಗೆಯನ್ನು ಶಬ್ದಶಾಸ್ತ್ರವು ಬಿಟ್ಟಲ್ಲಿಂದ ನ್ಯಾಯಶಾಸ್ತ್ರವು ಹೀಗೆ ವಿವರಿಸಿತು.

೫. ಈಗಿನ ಕ್ರಮ

೨೦೧೯ರ ವೇತನ ಸಂಹಿತೆಯು ೨೦೨೫ನೆಯ ನವೆಂಬರ್ ೨೧ರಂದು ಜಾರಿಗೆ ಬಂದು, ೧೯೩೬ ಮತ್ತು ೧೯೪೮ರ ಕಾಯಿದೆಗಳ ಸ್ಥಾನವನ್ನು ಪಡೆಯಿತು. ಅದರಂತೆ ದಿನಗೂಲಿಯನ್ನು ಆ ದಿನದ ಪಾಳಿ ಮುಗಿಯುವಾಗಲೂ, ವಾರದ ಕೂಲಿಯನ್ನು ವಾರದ ಕಡೆಯ ಕೆಲಸದ ದಿನದಲ್ಲಿಯೂ, ಕೆಲಸವನ್ನು ಬಿಟ್ಟವನ ಅಥವಾ ಬಿಡಿಸಲ್ಪಟ್ಟವನ ಕೂಲಿಯನ್ನು ಎರಡು ಕೆಲಸದ ದಿನಗಳೊಳಗೂ ಕೊಡತಕ್ಕದ್ದು. ಗುತ್ತಿಗೆದಾರನು ಕೊಡದಿದ್ದರೆ ಹೊಣೆಯು ಕೆಲಸದ ಒಡೆಯನಿಗೆ ಬರುವುದು. ಮೇಸ್ತ್ರಿಗೆ ಕೊಟ್ಟಾಯಿತೆಂಬ ಮಾತಿನಿಂದ ಅವನು ಬಿಡುಗಡೆ ಹೊಂದಲಾರನು.

ಕೂಲಿ ಬಾರದವನು ಸರ್ಕಾರವು ನೇಮಿಸಿದ ಅಧಿಕಾರಿಯ ಮುಂದೆ ಮೂರು ವರ್ಷಗಳೊಳಗಾಗಿ ಅರ್ಜಿ ಸಲ್ಲಿಸಬಹುದು. ಅವನ ಪರವಾಗಿ ಅವನು ಸದಸ್ಯನಾಗಿರುವ ಕಾರ್ಮಿಕ ಸಂಘವಾಗಲಿ, ಇಲಾಖೆಯ ನಿರೀಕ್ಷಕನಾಗಲಿ ಸಲ್ಲಿಸಿದರೂ ನಡೆಯುವುದು. ಊರಿಗೆ ಹಿಂದಿರುಗಿದವನಿಗೆ ಇದು ದೊಡ್ಡ ಅನುಕೂಲ. ಬಾಕಿಯ ಮೇಲೆ ಹತ್ತರಷ್ಟರವರೆಗೆ ಪರಿಹಾರವನ್ನು ಕೊಡಿಸಲು ಅಧಿಕಾರಿಗೆ ಅವಕಾಶವಿದೆ. ಆಜ್ಞೆಯಾದ ಮೇಲೂ ಕೊಡದವನಿಂದ ಭೂಕಂದಾಯದ ಬಾಕಿಯಂತೆ ಅದನ್ನು ವಸೂಲು ಮಾಡಲಾಗುವುದು. ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ೧೯೮೭ರ ಕಾಯಿದೆಯಂತೆ ಉಚಿತ ಕಾನೂನು ನೆರವಿನ ಹಕ್ಕಿದೆ. ಅಡಿಕೆ ಸುಲಿಯುವ ಹೆಂಗಸರೂ, ೨೦೦೩ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಉತ್ತರ ಕನ್ನಡದ ಸಿದ್ದಿಗಳೂ ಇದರಲ್ಲಿ ಸೇರುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದುದು ರುಜುವಾತಿನ ನಿಯಮ. ಕೂಲಿ ಬಂದಿಲ್ಲವೆಂದು ಆಳು ಹೇಳಿದರೆ, ಕೊಟ್ಟಿದೆಯೆಂದು ರುಜುಪಡಿಸತಕ್ಕವನು ಒಡೆಯನು. ಬೇಸಾಯಕ್ಕಾಗಿ ಐವರಿಗೆ ಮೀರದಷ್ಟು ಆಳುಗಳನ್ನಿಟ್ಟುಕೊಂಡ ಸಣ್ಣ ತೋಟಿಗನಿಗೆ ಪುಸ್ತಕವಿಡುವ ಕಟ್ಟಳೆಯಿಲ್ಲ. ಆದರೆ ನಿರೀಕ್ಷಕನು ಕೇಳಿದಾಗ ಕೂಲಿ ಕೊಟ್ಟುದಕ್ಕೆ ತಕ್ಕಷ್ಟು ಪ್ರಮಾಣವನ್ನು ಅವನೂ ತೋರಿಸಬೇಕು. ಹೀಗಿದ್ದರೂ ಕೆಲಸ ಮಾಡಿದೆನೆಂಬುದೇ ಅಲ್ಲಗಳೆಯಲ್ಪಡುವ ಸಂಭವವಿರುವುದರಿಂದ, ದಿನಗಳ ಸ್ವಂತ ಗುರುತು, ಜೊತೆಯವರ ಹೆಸರು, ಕೆಲಸದ ಸ್ಥಳ, ಹಣ ಬಂದ ಬ್ಯಾಂಕಿನ ದಾಖಲೆ ಇವು ಆಳಿನ ಕೈಯಲ್ಲಿರುವುದು ಒಳ್ಳೆಯದು. ಕೆಲಸ ನಡೆದಲ್ಲಿ ವಿಚಾರಿಸಬೇಕೆಂಬ ಕೌಟಿಲ್ಯನ ಮಾತು ಇಲ್ಲಿ ಹಳೆಯದಾಗಿಲ್ಲ.

ಮೇಲೆ ಹೇಳಿದ ಉದಾಹರಣೆಯಲ್ಲಿ ಬಸ್ಸಿನ ಖರ್ಚೆಂದು ಮುರಿದ ೩,೦೦೦ ರೂಪಾಯಿಯ ವಿಷಯವೊಂದು ಉಳಿಯಿತು. ಕೆಲಸಕ್ಕೆ ಸೇರುವ ಮುನ್ನ ದಾರಿಯ ಖರ್ಚಿಗೆಂದು ಕೊಟ್ಟ ಮುಂಗಡವನ್ನು ಕೂಲಿಯಿಂದ ಮುರಿಯಲಾಗದೆಂದು ೧೯೩೬ರ ಕಾಯಿದೆಯಲ್ಲಿದ್ದ ನಿಯಮವನ್ನು ಹೊಸ ಸಂಹಿತೆಯೂ ಉಳಿಸಿಕೊಂಡಿದೆ. ದಾರಿಯ ಬುತ್ತಿಯೆಂಬುದೇ ಸಂಬಳ ಶಬ್ದದ ಮೂಲಾರ್ಥವಷ್ಟೆ. ಆ ಬುತ್ತಿಯನ್ನು ಸಾಲವೆಂದು ಬರೆದ ಪುಸ್ತಕದಲ್ಲಿ ಸಂಬಳವು ಜೀತವಾಯಿತು. ಅದನ್ನು ಹಿಂದಕ್ಕೆ ಪಡೆಯುವ ಅರ್ಜಿಯಲ್ಲಿ ಜೀತವು ಮರಳಿ ಜೀವಿತವಾಗಬೇಕಾಗಿದೆ.