ಸಂಶೋಧನಾರ್ಥಿಗಳಿಗೆ ಅಂತರ್ಜಾಲ ಆಕರಗಳ ಬಳಕೆಯ ತರಬೇತಿ

ಪಿಎಚ್.ಡಿ. ವಿದ್ಯಾರ್ಥಿಗಳಿಗೆ ‘ಸಂಶೋಧನೆ ಮತ್ತು ಪ್ರಕಟಣಾ ನೀತಿ’ ಎಂಬ 2 ಕ್ರೆಡಿಟ್‌ಗಳ, 30 ಗಂಟೆಗಳ ವ್ಯಾಸಂಗವನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2019ರಲ್ಲಿ ಕಡ್ಡಾಯಗೊಳಿಸಿತು. ಇದರಲ್ಲಿ ದತ್ತಸಂಚಯಗಳ ಬಳಕೆ ಹಾಗೂ ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶಗಳ ಪರಿಚಯವೂ ಸೇರಿವೆ.

ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ ಭಂಡಾರದಲ್ಲಿ ಹಿಂದಿನ ಮಹಾಪ್ರಬಂಧಗಳನ್ನು ಉಚಿತವಾಗಿ ಓದಬಹುದಾಗಿದೆ. ಆದರೆ ಅವುಗಳಿಂದ ಆಕರ ಸೂಚಿಸದೆ ನಕಲು ಮಾಡುವಂತಿಲ್ಲ. 2018ರ ವಿನಿಯಮಗಳನ್ವಯ ಮಹಾಪ್ರಬಂಧದಲ್ಲಿ ಸಾಮ್ಯತೆ ಶೇ. 10ನ್ನು ಮೀರಿ 40ರವರೆಗೆ ಇದ್ದಲ್ಲಿ, ಗರಿಷ್ಠ 6 ತಿಂಗಳ ನಿಗದಿತ ಅವಧಿಯೊಳಗೆ ಪರಿಷ್ಕೃತ ಪ್ರತಿಯನ್ನು ಸಲ್ಲಿಸತಕ್ಕದ್ದು, ಶೇ. 60ನ್ನು ಮೀರಿದಲ್ಲಿ ನೋಂದಣಿಯೇ ರದ್ದಾಗುತ್ತದೆ. ಆಕರ ನಮೂದಿಸಿ ಉದ್ಧರಿಸಿದ ಭಾಗವು ಈ ಲೆಕ್ಕಕ್ಕೆ ಸೇರುವುದಿಲ್ಲ.

ಅಂತರ್ಜಾಲ ಪುಟಗಳು ಬದಲಾಗುತ್ತವೆ, ಕೆಲವೊಮ್ಮೆ ಅಳಿಸಿಹೋಗುತ್ತವೆ. ಆದುದರಿಂದ ಓದಿದ ದಿನವೇ ಪುಟದ ವಿಳಾಸ, ಲೇಖಕರ ಹೆಸರು ಹಾಗೂ ದಿನಾಂಕವನ್ನು ಬರೆದಿಟ್ಟು, ಪ್ರತಿಯೊಂದನ್ನು ಉಳಿಸಿಕೊಳ್ಳುವುದು ಸೂಕ್ತ.