ಒಬ್ಬರ ಪಥ್ಯ, ಮನೆಗೆಲ್ಲ ಪಲ್ಯ

ಮನೆಯಲ್ಲೊಬ್ಬರು ಅಯ್ಯಪ್ಪನ ಮಾಲೆ ಹಾಕಿದರೆ ಇಡೀ ಮನೆಯ ಅಡುಗೆ ಬದಲಾಗುತ್ತದೆ. ಮಾಂಸ, ಮೊಟ್ಟೆ ಹೊಸ್ತಿಲಾಚೆಯೇ ನಿಲ್ಲುತ್ತವೆ. 41 ದಿನ ಯಾರೂ ಗೊಣಗುವುದಿಲ್ಲ. ಅಜ್ಜಿಯ ಏಕಾದಶಿಗೂ ಅಪ್ಪನ ಶನಿವಾರದ ಒಪ್ಪತ್ತಿಗೂ ಒಗ್ಗಿಕೊಂಡ ಮನೆಗಳು ನಮ್ಮವು. ಹೀಗಿದ್ದೂ ಮನೆಯ ಒಬ್ಬರು ‘ಇವತ್ತಿನಿಂದ ನನಗೆ ಕಾರ್ಬ್ ಬೇಡ’ ಎಂದರೆ ವಾರದೊಳಗೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗುತ್ತದೆ. ಕಾರಣ ಹಟಮಾರಿತನವಲ್ಲ. ವ್ರತಕ್ಕೆ ಮುಗಿಯುವ ದಿನವೊಂದಿದೆ, ಈ ಡಯಟ್‌ಗೆ ಇಲ್ಲ. ಜೊತೆಗೆ, ಏಕಾದಶಿಯಂಥ ದಿನಗಳನ್ನು ಬಿಟ್ಟರೆ ವ್ರತ ಸಾಮಾನ್ಯವಾಗಿ ಧಾನ್ಯದ ತಂಟೆಗೆ ಹೋಗುವುದಿಲ್ಲ. ಒಪ್ಪತ್ತಿನವರಿಗೆ ಅನ್ನ ತಪ್ಪಿದರೆ ಉಪ್ಪಿಟ್ಟೋ ಅವಲಕ್ಕಿಯೋ ಸಿಗುತ್ತದೆ. ಪಿಷ್ಟದ ಲೆಕ್ಕದಲ್ಲಿ ಹೊಟ್ಟೆಗೆ ಏನೂ ಕಡಿಮೆಯಾಗಿರುವುದಿಲ್ಲ. ಲೋ ಕಾರ್ಬ್ ಡಯಟ್ ಕೈಹಾಕುವುದು ಊಟದ ಬುನಾದಿಗೇ. ಅನ್ನವೋ ಮುದ್ದೆಯೋ ರೊಟ್ಟಿಯೋ ನಡುವೆ ಕೂತು, ಉಳಿದದ್ದೆಲ್ಲ ನಂಚಿಕೊಳ್ಳುವ ಪದಾರ್ಥವಾಗಿರುವ ತಟ್ಟೆಯಿಂದ ನಡುವಿನದನ್ನೇ ತೆಗೆದರೆ ಉಳಿಯುವುದು ಒಂದು ಚಮಚ ಪಲ್ಯ, ಒಂದು ಬಟ್ಟಲು ಸಾರು. ಅದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಹಾಗೆಂದು ಈ ಪಥ್ಯವನ್ನು ಶೋಕಿಯೆಂದು ತಳ್ಳಿಹಾಕಲಾಗದು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಅದರ ಹೊಸ್ತಿಲಲ್ಲಿರುವವರು ಇನ್ನೂ 13.6 ಕೋಟಿ. ಅದೇ ಸಮೀಕ್ಷೆಯ ಆಹಾರದ ಲೆಕ್ಕಗಳು 2025ರಲ್ಲಿ ಹೊರಬಂದವು: ಭಾರತೀಯರ ಕ್ಯಾಲೊರಿಯಲ್ಲಿ ಶೇ 62ರಷ್ಟು ಬರುವುದು ಕಾರ್ಬೊಹೈಡ್ರೇಟ್‌ನಿಂದ. ಇದರಲ್ಲಿ ನಮ್ಮ ಅಡುಗೆಮನೆಗೆ ಬೇಕಾದ ಮಾತೊಂದಿದೆ. ಒಟ್ಟು ಪಿಷ್ಟವನ್ನು ತಗ್ಗಿಸದೆ ಪಾಲಿಶ್ ಧಾನ್ಯದ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯವನ್ನೋ ತಂದಷ್ಟಕ್ಕೆ ಮಧುಮೇಹದ ಅಪಾಯ ಕಡಿಮೆಯಾದದ್ದು ಅಲ್ಲಿ ಕಂಡಿಲ್ಲ. ಪಿಷ್ಟದ ಒಂದು ಪಾಲನ್ನು ಬೇಳೆ, ಹಾಲಿನಂಥವುಗಳ ಪ್ರೋಟೀನ್‌ಗೆ ಬಿಟ್ಟುಕೊಟ್ಟಲ್ಲಿ ಅದು ಕಂಡಿದೆ. ಅನ್ನ ಬಿಟ್ಟು ಎರಡು ಮುದ್ದೆ ಉಣ್ಣುವವರು ಇದನ್ನು ಗಮನಿಸಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ 78 ಗ್ರಾಂ ಕಾರ್ಬೊಹೈಡ್ರೇಟ್ ಇದ್ದರೆ ರಾಗಿಯಲ್ಲಿ ಸುಮಾರು 67 ಗ್ರಾಂ ಇದೆ. ರಾಗಿಯ ಸುಣ್ಣದಂಶ, ನಾರು ದೊಡ್ಡವೇ. ಆದರೆ ಬದಲಾಗಬೇಕಾದದ್ದು ಧಾನ್ಯದ ಹೆಸರಲ್ಲ, ತಟ್ಟೆಯಲ್ಲಿ ಅದು ಹಿಡಿದಿರುವ ಜಾಗ. ಆ ಜಾಗವನ್ನು ತುಂಬುವ ಪಲ್ಯ, ಕಾಳು ಮನೆಯವರೆಲ್ಲರ ತಟ್ಟೆಗೂ ಬಂದರೆ ಮಾತ್ರ ಒಬ್ಬರ ಪಥ್ಯ ಉಳಿಯುತ್ತದೆ, ಅದರಿಂದ ಮನೆಗೂ ಲಾಭವಾಗುತ್ತದೆ. ಒಬ್ಬರಿಗಾಗಿ ಎರಡನೇ ಒಲೆ ಹೂಡಿದಲ್ಲಿ ಎರಡೂ ಆಗುವುದಿಲ್ಲ.

ಸುದೈವಕ್ಕೆ ನಮ್ಮ ಅಡುಗೆಗಳಲ್ಲೇ ಇದಕ್ಕೆ ದಾರಿಯಿದೆ. ಬಡಿಸುವಾಗ ಬೇರ್ಪಡಿಸಬಹುದಾದ ಅಡುಗೆ, ಬೇರ್ಪಡಿಸಲಾಗದ ಅಡುಗೆ ಎಂದು ಎರಡಾಗಿ ನೋಡಿ. ಬಸ್ಸಾರಿನಲ್ಲಿ ಸೊಪ್ಪು, ಕಾಳು ಒಟ್ಟಿಗೆ ಬೇಯುತ್ತವೆ. ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಪಥ್ಯದವರಿಗೆ ಬಟ್ಟಲು ತುಂಬ ಪಲ್ಯ ಮತ್ತು ಸಾರು, ಶಾಲೆಗೆ ಹೋಗುವ ಹುಡುಗಿಗೆ ಅದೇ ಪಲ್ಯದ ಜೊತೆ ಮುದ್ದೆ. ಒಲೆ ಒಂದೇ, ಕೆಲಸವೂ ಒಂದೇ. ಉತ್ತರ ಕರ್ನಾಟಕದ ತಟ್ಟೆಯಲ್ಲಿ ಮಡಕಿಕಾಳು, ಎಣ್ಣೆಗಾಯಿ, ಹಸಿ ಮೆಂತ್ಯ ಸೊಪ್ಪು ಆಗಲೇ ರೊಟ್ಟಿಯಿಂದ ಬೇರೆಯಾಗಿ ಕೂತಿರುತ್ತವೆ. ಅಲ್ಲಿ ರೊಟ್ಟಿ ಎರಡರಿಂದ ಒಂದಕ್ಕಿಳಿದರೆ ಅಡುಗೆಯವರಿಗೆ ಗೊತ್ತೂ ಆಗುವುದಿಲ್ಲ. ಕಷ್ಟವೆಲ್ಲ ಬೆಳಗಿನ ತಿಂಡಿಯದು. ಬಿಸಿಬೇಳೆಬಾತಿನಿಂದ, ಚಿತ್ರಾನ್ನದಿಂದ, ಇಡ್ಲಿಯಿಂದ ಅಕ್ಕಿಯನ್ನು ಯಾರೂ ಹೆಕ್ಕಿ ತೆಗೆಯಲಾರರು. ದೋಸೆಹಿಟ್ಟಂತೂ ಹಿಂದಿನ ರಾತ್ರಿಯೇ ಎಲ್ಲರ ಪರವಾಗಿ ತೀರ್ಮಾನ ಮಾಡಿ ಹುಳಿ ಬರುತ್ತಿರುತ್ತದೆ. ಹೆಸರುಕಾಳಿನ ಪೆಸರಟ್ಟು, ಕೋಸಂಬರಿಯಂಥವು ವಾರಕ್ಕೆ ಎರಡು ದಿನ ಎಲ್ಲರಿಗೂ ಆದರೆ ಉಳಿದ ದಿನಗಳ ಜಗ್ಗಾಟ ಸಡಿಲವಾಗುತ್ತದೆ.

ಹಣದ ಆಕ್ಷೇಪ ಮಾತ್ರ ಹಗುರವಲ್ಲ. ಬಿಪಿಎಲ್ ಕಾರ್ಡಿನ ಮನೆಗೆ ಪಡಿತರದ ಅಕ್ಕಿ ಪುಕ್ಕಟೆ, ಅದನ್ನು ಉಣ್ಣದೆ ಬಿಟ್ಟರೆ ಉಳಿಯುವ ಹಣ ಸೊನ್ನೆ. ಅದರ ಜಾಗಕ್ಕೆ ಬರುವ ಮೊಟ್ಟೆ, ಪನೀರು, ಬಾದಾಮಿಗೆ ಕಾಸು ಬೇಕು. ಹೀಗಾದಾಗ ದುಬಾರಿಯದ್ದು ಪಥ್ಯದವರ ತಟ್ಟೆಗೆ, ಉಳಿದ ಅನ್ನ ಉಳಿದವರಿಗೆ ಎಂಬ ಹಂಚಿಕೆ ಯಾರೂ ಹೇಳದೆಯೇ ನಡೆದುಹೋಗುತ್ತದೆ. ಪಥ್ಯದವರು ಮನೆಯ ಯಜಮಾನರಾಗಿ, ಕಡೆಗೆ ಉಣ್ಣುವವರು ಹೆಂಗಸರಾದಲ್ಲಿ ಇದರ ಪರಿಣಾಮ ಊಹಿಸಬಹುದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಸೊಪ್ಪು, ಕಾಳು, ಮೊಟ್ಟೆ ಇವರಿಗೂ ಬೇಕಾದ ಆಹಾರವೇ. ಬಾದಾಮಿ, ಪನೀರು ಬಿಟ್ಟು ಹುರುಳಿ, ಅಲಸಂದೆ, ಶೇಂಗಾ ಹಿಡಿದರೆ ಖರ್ಚು ಇಡೀ ಮನೆಗೆ ಹಂಚುವಷ್ಟಕ್ಕೆ ಇಳಿಯುತ್ತದೆ. ಕಾಳಿನಲ್ಲೂ ಪಿಷ್ಟವಿದೆಯಲ್ಲ ಎನ್ನಬಹುದು. ಇದೆ, ಜೊತೆಗೆ ಅಕ್ಕಿಯ ಎರಡೂವರೆ ಪಟ್ಟಿಗೂ ಹೆಚ್ಚು ಪ್ರೋಟೀನ್ ಇದೆ. ಕಟ್ಟುನಿಟ್ಟಿನ ಕೀಟೋದವರಿಗೆ ಇದು ಒಪ್ಪಿಗೆಯಾಗದು. ಆದರೆ 609 ಜನರನ್ನು ವರ್ಷಪೂರ್ತಿ ಗಮನಿಸಿದ 2018ರ ಅಮೆರಿಕದ ಅಧ್ಯಯನವೊಂದರಲ್ಲಿ ಕಾರ್ಬ್ ತಗ್ಗಿಸಿದವರು ಸರಾಸರಿ 6 ಕೆ.ಜಿ., ಕೊಬ್ಬು ತಗ್ಗಿಸಿದವರು 5.3 ಕೆ.ಜಿ. ಇಳಿದಿದ್ದರು. ಹೇಳಿಕೊಳ್ಳುವಂಥ ಅಂತರವಲ್ಲ. ಇಷ್ಟರ ಮೇಲೆ ಮನೆಯನ್ನು ಎರಡು ಪಂಕ್ತಿ ಮಾಡುವ ಕಟ್ಟುನಿಟ್ಟು ಯಾರಿಗೆ ಬೇಕು?

ಬೆಳೆಯುವ ಮಕ್ಕಳಿಗೆ, ಬಿಸಿಲಲ್ಲಿ ದುಡಿಯುವವರಿಗೆ ಅನ್ನ-ಮುದ್ದೆ ಬೇಕೇ ಬೇಕು ಎಂಬ ಮಾತೂ ಸರಿಯೇ. ಅವರ ತಟ್ಟೆಯಿಂದ ಏನನ್ನೂ ಕಸಿಯಬೇಕಿಲ್ಲ, ಪಲ್ಯ ಸೇರಿದರಾಯಿತು. ಇನ್ಸುಲಿನ್ನೋ ಸಕ್ಕರೆ ಇಳಿಸುವ ಮಾತ್ರೆಯೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅನ್ನ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು, ಇದರಲ್ಲಿ ವಾದವೇ ಇಲ್ಲ. ‘ನಮ್ಮ ತಾತ ಮೂರು ಹೊತ್ತೂ ಮುದ್ದೆ ಉಂಡು ನೂರು ವರ್ಷ ಬದುಕಿದರು’ ಎನ್ನುವವರಿಗೆ, ತಾತ ಲಿಫ್ಟಿನಲ್ಲಿ ಓಡಾಡಿರಲಿಲ್ಲ ಎಂದಷ್ಟೇ ಹೇಳಬಹುದು.

ಒಬ್ಬರ ಊಟ ಇನ್ನೊಬ್ಬರಿಗೆ ಅಂಟುತ್ತದೆ ಎನ್ನುವುದಕ್ಕೂ ಆಧಾರವಿದೆ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದವರು 130 ಜೋಡಿಗಳನ್ನು ಗಮನಿಸಿದ 2018ರ ಅಧ್ಯಯನದಲ್ಲಿ, ತೂಕ ಇಳಿಸುವ ಪ್ರಯತ್ನಕ್ಕೆ ಸಂಗಾತಿ ಮಾತ್ರ ಸೇರಿದ್ದರೂ, ತಾವು ಸೇರದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಂದಿ ಆರು ತಿಂಗಳಲ್ಲಿ ಶೇ 3 ಅಥವಾ ಹೆಚ್ಚು ತೂಕ ಇಳಿದಿದ್ದರು. ನಮ್ಮಲ್ಲಿ ಅಂಟಬೇಕಾದ್ದು ಊಟದ ಜೊತೆ ಕೆಲಸವೂ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಮಹಿಳೆಯರು ದಿನಕ್ಕೆ 299 ನಿಮಿಷ ಕೊಟ್ಟರೆ, ಆ ಕೆಲಸ ಮಾಡುವ ಗಂಡಸರು ಕೊಟ್ಟದ್ದು 97 ನಿಮಿಷ. ಅನ್ನಕ್ಕೆ ಕುಕ್ಕರಿನ ಮೂರು ಸೀಟಿ ಸಾಕು. ಒಂದು ಕಟ್ಟು ದಂಟಿನ ಸೊಪ್ಪಾದರೋ ಬಿಡಿಸಿ, ತೊಳೆದು, ಹೆಚ್ಚಿ, ಬೇಯಿಸುವ ಹೊತ್ತಿಗೆ ಮುಷ್ಟಿಯಷ್ಟಾಗಿರುತ್ತದೆ. ನಾಲ್ವರ ಮನೆಗೆ ಅಂಥ ಎಷ್ಟು ಕಟ್ಟು ತರಬೇಕು, ಅದನ್ನು ಯಾರು ಬಿಡಿಸಬೇಕು ಎನ್ನುವುದು ಅನ್ನ ಬೇಡವೆಂದವರು ಸಂತೆಚೀಲ ಹಿಡಿದು ಹೊರಡುವ ಮೊದಲೇ ಇತ್ಯರ್ಥವಾಗಬೇಕು.